ಹಗರೆ ದಾರಿಯಲ್ಲಿ ಒಡೆದ ಚೇಂಬರ್

ನಮ್ಮ ಕಾರಿಗೆ ಕ್ಲಚ್ ಇಲ್ಲ. ಕ್ಲಚ್ ಇಲ್ಲ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಕೊಂಡದ್ದು.

ನಮ್ಮನೆಯವರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಕಣಕಟ್ಟೆ ಕಡೆಯ ತೋಟದ ಮನೆಗಳಿಗೆ ಹೋಗಿ, ಅಟ್ಟ ಹತ್ತಿ, ಅಲ್ಲಿ ಒಣಗಲು ಬಿಟ್ಟ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅವರಿಗೆ ಹೆಸರಿತ್ತು. ಅಂಥದೇ ಒಂದು ಅಟ್ಟದಿಂದ ಇಳಿಯುವಾಗ ಏಣಿ ಜಾರಿತು. ಎಡಗಾಲಿನ ಮಂಡಿ ಚೂರಾಯಿತು. ಹಾಸನದಲ್ಲಿ ಆಪರೇಷನ್ ಮಾಡಿದರು, ಕಂಬಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಉಳಿದದ್ದು ಮಡಚಲಾಗದ ಕಾಲು. ನಡೆಯಲು ಕೋಲು ಬೇಕಾಯಿತು. ಬೈಕು ಹತ್ತುವಂತಿಲ್ಲ, ಮನೆಯಲ್ಲಿದ್ದ ಕಾರಿನ ಕ್ಲಚ್ ಒತ್ತುವಂತಿಲ್ಲ.

ಆಮೇಲೆ ಮನೆಯವರೆಲ್ಲ ಅವರನ್ನು ಜೋಪಾನ ಮಾಡಿದ್ದೇ ಮಾಡಿದ್ದು. ಬೆಳಿಗ್ಗೆ ಮೈದುನ ಅವರನ್ನು ಅಂಗಡಿಗೆ ಬಿಟ್ಟು, ಸಂಜೆ ವಾಪಸ್ ಕರೆತರುತ್ತಿದ್ದ. ಅತ್ತೆ ಊಟದ ತಟ್ಟೆಯನ್ನು ಅವರು ಕೂತಲ್ಲಿಗೇ ಒಯ್ದು ಕೊಡುತ್ತಿದ್ದರು. ನಾನು ಪಾಠ ಮಾಡುವ ಶಾಲೆಗೆ ಹೊರಡುವ ಮುಂಚೆ ಅವರ ನೀರು, ಮಾತ್ರೆ, ಫೋನಿನ ಚಾರ್ಜರ್ ಎಲ್ಲವನ್ನೂ ಕೈಗೆ ಸಿಗುವ ಹಾಗೆ ಜೋಡಿಸಿಡುತ್ತಿದ್ದೆ. ಯಾವುದಕ್ಕೂ ಅವರು ಬೇಡ ಎನ್ನಲಿಲ್ಲ. ಬೇಕು ಎಂದೂ ಕೇಳಲಿಲ್ಲ. ತೋಟದವರ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ ಮನುಷ್ಯ ಫೋನು ಬಂದರೆ, 'ತಮ್ಮನ ಹತ್ರ ಮಾತಾಡಿ' ಎಂದು ಇಟ್ಟುಬಿಡುತ್ತಿದ್ದರು.

ಒಂದು ದಿನ ಅವರೇ ಫೋನಿನಲ್ಲಿ ಒಂದು ಹಳೆಯ ಕಾರಿನ ಚಿತ್ರ ತೋರಿಸಿದರು. "ಇದಕ್ಕೆ ಗೇರು ತಾನೇ ಬೀಳುತ್ತೆ ಕಣೇ. ಎಡಗಾಲಿಗೆ ಕೆಲಸವೇ ಇಲ್ಲ."

ಅತ್ತೆಗೆ ಒಂದಿಷ್ಟೂ ಇಷ್ಟವಿರಲಿಲ್ಲ. ಒಂದು ಸಲ ಬಿದ್ದದ್ದು ಸಾಲದೇ ಎಂದು ಅವರ ಸಂಕಟ. ಆದರೂ ಕಾರು ಬಂತು. ನಮ್ಮನೆಯವರು ಅದರ ಗೇರ್‌ಬಾಕ್ಸಿನ ವಿಡಿಯೋಗಳನ್ನು ರಾತ್ರಿ ಹೊತ್ತು ಫೋನಿನಲ್ಲಿ ನೋಡುತ್ತಿದ್ದರು. ಭಾನುವಾರದ ಬೆಳಿಗ್ಗೆಗಳಲ್ಲಿ ಖಾಲಿ ಇರುತ್ತಿದ್ದ ಮಾರುಕಟ್ಟೆಯ ಅಂಗಳದಲ್ಲಿ ನಮ್ಮನೆಯವರು ಎಡಗಾಲನ್ನು ಪಕ್ಕಕ್ಕೆ ಚಾಚಿಟ್ಟು ಸುತ್ತು ಹೊಡೆದು ಕಲಿತರು. ಆಮೇಲೆ ಅಂಗಡಿಗೆ, ಆಮೇಲೆ ತೋಟಗಳಿಗೆ. ಅಟ್ಟ ಹತ್ತಲಾಗದಿದ್ದರೂ ಕಾಯಿಯನ್ನು ಕೆಳಗೆ ತರಿಸಿ, ಕಾರಿನಲ್ಲೇ ಕೂತು ಅಲ್ಲಾಡಿಸಿ ನೋಡುತ್ತಿದ್ದರು. ಮಾತು ಮೆಲ್ಲಗೆ ಮರಳಿತು.

ಹಗರೆಯಲ್ಲಿ ಅತ್ತೆಯ ಅಕ್ಕ ಇದ್ದಾರೆ, ಮನೆಯವರಿಗೆಲ್ಲ ದೊಡ್ಡಮ್ಮ. ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಅಕ್ಕನನ್ನು ನೋಡಬೇಕು ಎಂದು ಅತ್ತೆ ಹೇಳಿದಾಗ ಮೈದುನ ಕರೆದುಕೊಂಡು ಹೋಗುತ್ತೇನೆ ಎಂದ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ನಾನು ಕರ್ಕೊಂಡ್ ಹೋಗ್ತೀನಿ ಬಿಡು" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಬ್ಯಾಗು ತುಂಬಲು ಒಳಗೆ ಹೋದೆ.

ಜೋಳದ ಕಾಲ. ಜಾವಗಲ್ ದಾಟಿ ಹಳೇಬೀಡಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ದೇವಸ್ಥಾನದ ಮುಂದೆ ಪ್ರವಾಸಿಗಳ ಬಸ್ಸುಗಳು ಅಡ್ಡಾದಿಡ್ಡಿ ನಿಂತಿದ್ದವು. ಅವುಗಳ ಮಧ್ಯೆ ನುಸುಳಿ ಹಗರೆಯ ದಾರಿ ಹಿಡಿದಾಗ ಅವರು ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು. ಆ ರಸ್ತೆಯಲ್ಲಿ ಅಲ್ಲಲ್ಲಿ ಅರ್ಧ ಭಾಗಕ್ಕೆ ಮುಸುಕಿನ ಜೋಳ ಹರಡಿದ್ದರು. ವಾಹನ ಹತ್ತದಿರಲಿ ಎಂದು ಅಂಚಿನಿಂದ ಒಂದು ಮೊಳ ಈಚೆಗೆ ಕಲ್ಲುಗಳನ್ನಿಟ್ಟಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ಜೋಳದ ಮೇಲೆ ಚಕ್ರ ಹತ್ತಿಸಬೇಕು, ಇಲ್ಲ ಕಲ್ಲನ್ನು ಚಕ್ರಗಳ ನಡುವೆ ಬಿಟ್ಟುಕೊಂಡು ಹೋಗಬೇಕು. ಅವರು ಜೋಳ ತುಳಿಯಲಿಲ್ಲ.

ಅಡಿಯಿಂದ ಢಣ್ ಎಂಬ ಸದ್ದು ಬಂತು. ಪಾದದಡಿಯ ನೆಲ ನಡುಗಿದಂತಾಯಿತು. "ಏನಾಯ್ತು?" ಎಂದು ಅತ್ತೆ ಕೇಳಿದರು. "ಏನಿಲ್ಲ, ಕಲ್ಲು" ಎಂದು ಅವರು ಮುಂದೆ ಸಾಗಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನು ಹೋ ಎಂದು ಕೂಗತೊಡಗಿತು, ಕಾರು ಮಾತ್ರ ನಿಧಾನವಾಗುತ್ತ ಬಂತು. ಅವರು ಇನ್ನಷ್ಟು ಒತ್ತಿದರು. ಸದ್ದು ಹೆಚ್ಚಿತೇ ಹೊರತು ಕಾರು ಕದಲಲಿಲ್ಲ. ಇಂಜಿನ್ನು ಆರಿಸಿ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತರು.

ನಾನು ಇಳಿದು ಬಗ್ಗಿ ನೋಡಿದೆ. ಬಂದ ದಾರಿಯುದ್ದಕ್ಕೂ ಕೆಂಪು ಹನಿಗಳ ಗೆರೆ ಬಿದ್ದಿತ್ತು. ಕಾರಿನ ಅಡಿಯಲ್ಲಿ ಕುಂಕುಮದ ನೀರಿನಂಥದು ಮಡುಗಟ್ಟುತ್ತಿತ್ತು.

"ಕೆಂಪಗಿದೆಯಾ?" ಒಳಗಿಂದಲೇ ಕೇಳಿದರು.

"ಹೂಂ ರೀ."

"ಹಾಗಾದ್ರೆ ಗೇರ್‌ಬಾಕ್ಸಿಂದು."

ಕಲ್ಲಿಟ್ಟಿದ್ದ ಹೆಂಗಸು ಜೋಳ ಎಳೆಯುವ ಮರದ ಹಲಗೆ ಹಿಡಿದುಕೊಂಡೇ ಓಡಿಬಂದಳು. ಬಯ್ಯುವುದಕ್ಕೆ ಬಂದಳೇನೋ ಎಂದುಕೊಂಡೆ. ಅವಳು ಮಡುಗಟ್ಟಿದ ಎಣ್ಣೆ ನೋಡಿ, ಕಾರಿನೊಳಗಿನ ಕೋಲು ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಮ್ ಕಲ್ಲೇ ಕಣಪ್ಪ. ನೀವು ಜ್ವಾಳ ಉಳ್ಸಾಕ್ ಹೋದ್ರಿ, ಹಿಂಗಾಯ್ತು. ಮೇಲೇ ಹೊಡ್ಕಂಡು ಹೋಗಿದ್ರೆ ಏನಾಗ್ತಿತ್ತು, ಒಂದ್ ಮೊರ ಹೋಗಿರೋದು."

"ಇರ್ಲಿ ಬಿಡಮ್ಮ" ಎಂದರು ನಮ್ಮನೆಯವರು.

ಅವಳು ಸುಮ್ಮನಿರಲಿಲ್ಲ. ಅವರ ಮನೆಯ ಟ್ರ್ಯಾಕ್ಟರ್ ರಿಪೇರಿ ಮಾಡುವ ಬೇಲೂರಿನ ಮೆಕ್ಯಾನಿಕ್‌ಗೆ ಫೋನು ಮಾಡಿದಳು. ಹಗರೆ ಕಡೆ ಹೋಗುತ್ತಿದ್ದ ಆಟೋ ನಿಲ್ಲಿಸಿ ಅತ್ತೆಯನ್ನು ಹತ್ತಿಸಿದಳು. ಆಟೋ ಹತ್ತುವ ಮುಂಚೆ ಅತ್ತೆ ಮಗನ ಕಿಟಕಿಯ ಬಳಿ ನಿಂತು, ತಗ್ಗಿದ ದನಿಯಲ್ಲಿ, "ಮಾರ್ಬಿಡಪ್ಪ ಇದನ್ನ. ನನಗೆ ತಡ್ಕೊಳ್ಳೋಕಾಗಲ್ಲ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಮಗ ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೇ ದಿನಗಳನ್ನು ಕಳೆದ ತಾಯಿ ಅವರು. ಅವರಿಗೆ ಕಾರಿನ ಸದ್ದಿನಲ್ಲೂ ಏಣಿಯ ಸದ್ದೇ ಕೇಳಿಸಿರಬೇಕು.

"ಹೂಂ ಅಮ್ಮ, ಮಾರೋಣ" ಎಂದರು ಅವರು. 'ತಮ್ಮನ ಹತ್ರ ಮಾತಾಡಿ' ಎಂದು ಫೋನು ಇಡುತ್ತಿದ್ದ ದಿನಗಳ ದನಿಯೇ ಅದು.

ಮೆಕ್ಯಾನಿಕ್ ಬೈಕಿನಲ್ಲಿ ಬಂದ. ನಡುವಯಸ್ಸಿನ, ಮಾತಿನ ಮಲ್ಲ. ರಸ್ತೆಯ ಮೇಲೇ ಅಂಗಾತ ಮಲಗಿ ಕಾರಿನಡಿ ತೂರಿ, "ಚೇಂಬರ್ ಒಡೆದೈತೆ" ಎಂದು ಕೂಗಿದ. ಗೇರ್‌ಬಾಕ್ಸಿನ ತಳಕ್ಕೆ ಎಣ್ಣೆ ನಿಲ್ಲಲೆಂದು ಬಿಗಿದಿರುವ ತಗಡಿನ ತಟ್ಟೆಗೆ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುತ್ತಾರೆ. ಹೊರಗೆ ಬಂದವನೇ, "ಟ್ರ್ಯಾಕ್ಟ್ರಿಗೆ ಹಗ್ಗ ಕಟ್ಟಿ ಎಳ್ಕಂಡು ಹೋಗಾಣ" ಎಂದ.

"ಬೇಡ" ಎಂದರು ನಮ್ಮನೆಯವರು. "ಆಟೊಮ್ಯಾಟಿಕ್ ಇದು. ಮುಂದಿನ ಚಕ್ರ ತಿರುಗಿದ್ರೆ ಒಳಗೆ ಎಣ್ಣೆ ಇಲ್ದೆ ಎಲ್ಲ ಉಜ್ಜಿಹೋಗುತ್ತೆ. ಎತ್ಕೊಂಡೇ ಹೋಗ್ಬೇಕು."

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಹೌದಾ? ನಿಜ ಹೇಳ್ಬೇಕು ಅಂದ್ರೆ ಯಜಮಾನ್ರೆ, ನಾನು ಇಂಥದನ್ನ ಬಿಚ್ಚೇ ಇಲ್ಲ. ಬೇರೆಯೋರ ಹತ್ರ ತಗಂಡು ಹೋಗ್ತೀರಾ?"

"ಇಲ್ಲ, ನೀವೇ ನೋಡಿ. ಓಡೋ ಹಾಗಾದ್ರೆ ಸಾಕು. ಮಾರೋಕೆ."

ಕಾರುಗಳನ್ನು ಮೇಲೇರಿಸಿಕೊಂಡು ಹೋಗುವ ಲಾರಿ ಬರುವವರೆಗೆ ಆ ಹೆಂಗಸು ನಮಗೆ ಮಜ್ಜಿಗೆ ಕೊಟ್ಟಳು, ರಾಶಿಯ ಪಕ್ಕದ ಹೊಂಗೆಯ ನೆರಳಿನಲ್ಲಿ ಚಾಪೆ ಹಾಸಿದಳು. ಚಾಪೆಯ ಮೇಲೆ ಕೂತರೆ ಏಳುವುದು ಅವರಿಗೆ ಕಷ್ಟ. ಅದು ಅವಳಿಗೆ ಹೇಗೆ ತಿಳಿಯಿತೋ, ರಸ್ತೆ ಪಕ್ಕದ ತನ್ನ ಮನೆಗೆ ಹೋಗಿ ಕುರ್ಚಿ ತಂದಿಟ್ಟಳು.

ಆ ರಾತ್ರಿ ಹಗರೆಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದೆವು. ಮೈದುನ ಫೋನು ಮಾಡಿ, ಗಿರಾಕಿ ನೋಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದ. ಇವರು ಎಲ್ಲದಕ್ಕೂ ಹೂಂ ಎಂದರು. ಊಟದ ತಟ್ಟೆ ಕೂತಲ್ಲಿಗೇ ಬಂತು.

ಬೆಳಿಗ್ಗೆ ಬಸ್ಸಿನಲ್ಲಿ ಬೇಲೂರಿಗೆ ಹೋದೆವು. ಮೆಕ್ಯಾನಿಕ್‌ನ ಶೆಡ್ಡು ಊರ ಹೊರಗಿತ್ತು. ಸುತ್ತಲೂ ಟ್ರ್ಯಾಕ್ಟರ್, ಪಿಕಪ್ಪು, ಮಧ್ಯೆ ನಮ್ಮ ಕಾರು ಜಾಕಿಯ ಮೇಲೆ ನಿಂತಿತ್ತು. ಇದ್ದ ಎಣ್ಣೆಯನ್ನೆಲ್ಲ ಬಾಂಡ್ಲಿಗೆ ಇಳಿಸಿಕೊಂಡು, ಮೆಕ್ಯಾನಿಕ್ ಕಾರಿನಡಿ ಮಲಗಿ ಬೋಲ್ಟುಗಳನ್ನು ಬಿಚ್ಚುತ್ತಿದ್ದ. ನಮ್ಮನೆಯವರಿಗೆ ಸ್ಟೂಲು ಹಾಕಿದೆ. ಕಾಲು ಚಾಚಿಕೊಂಡು ಕೂತು, ರಸ್ತೆ ನೋಡುತ್ತಿದ್ದರು.

ಅಷ್ಟರಲ್ಲಿ ಕಾರಿನಡಿಯಿಂದ ಎಣ್ಣೆ ಮೆತ್ತಿದ ಕೈಯೊಂದು ತಟ್ಟೆಯ ಸಮೇತ ಹೊರಗೆ ಬಂತು. "ಹಿಡ್ಕಳಿ ಯಜಮಾನ್ರೆ, ಹಿಡ್ಕಳಿ, ನನ್ ಮುಖಕ್ಕೆ ಸುರೀತೈತೆ."

ನಾನು ಎದ್ದೆ. ಅವರ ಬಿಳಿ ಪಂಚೆ, ಅವರ ಕಾಲು, ಎಲ್ಲವೂ ಒಟ್ಟಿಗೇ ನನ್ನ ಕಣ್ಣಿಗೆ ಬಿದ್ದವು. ನಾನು ತಲುಪುವಷ್ಟರಲ್ಲಿ ಅವರು ಬಗ್ಗಿ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪಂಚೆ ಕೆಂಪಾಯಿತು. ಅವರು ಅದನ್ನು ಗಮನಿಸಲೂ ಇಲ್ಲ.

"ಇಲ್ನೋಡಿ" ಎಂದರು. ತಟ್ಟೆಯ ತಳ ಒಳಕ್ಕೆ ಗುಳಿ ಬಿದ್ದಿತ್ತು, ಗುಳಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. "ಬರೀ ಸೋರಿ ನಿಂತಿದ್ದಲ್ಲ ಇದು. ಗುಳಿ ಮೇಲಕ್ಕೆ ಬಂದು ಎಣ್ಣೆ ಹೀರೋ ಜಾಲರಿಗೆ ಒತ್ಕೊಂಡಿದೆ. ಅದಕ್ಕೇ ಅಷ್ಟು ಬೇಗ ಎಳೆಯೋದು ನಿಲ್ಲಿಸ್ತು."

ಮೆಕ್ಯಾನಿಕ್ ತೆವಳಿ ಹೊರಗೆ ಬಂದು ನೋಡಿದ. "ಅಂಗೂ ಇರಬೋದು. ಜಾಲರಿ ಮೇಲೆ ಗುರುತೈತೆ." ಆಮೇಲೆ ತಟ್ಟೆಯ ಮೂಲೆಯಲ್ಲಿ ಅಂಟಿಕೊಂಡಿದ್ದ ಒಂದು ಕಪ್ಪು ಬಿಲ್ಲೆಯನ್ನು ತೋರಿಸಿ, "ಇದೇನು?" ಎಂದು ಕೇಳಿದ.

"ಅಯಸ್ಕಾಂತ. ಕಬ್ಬಿಣದ ಪುಡಿ ಹಿಡ್ಕೊಳ್ಳೋಕೆ ಇರಬೇಕು." ಅವರು ಅದನ್ನು ಕಿತ್ತು ಬೆರಳಲ್ಲಿ ಒರೆಸಿದರು. ಮಸಿಯಂಥ ನುಣುಪಾದ ಪುಡಿ ಬಂತು. ಬೆಳಕಿಗೆ ಹಿಡಿದು, ಕೊಬ್ಬರಿ ನೋಡುವ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದರು. "ಚೂರುಗಳಿಲ್ಲ. ಒಳಗೆ ಏನೂ ಮುರಿದಿಲ್ಲ ಅನ್ಸುತ್ತೆ."

ಮೆಕ್ಯಾನಿಕ್ ಅವರ ಕೈಗೆ ಸೀಮೆಎಣ್ಣೆಯ ಬಟ್ಟೆ ಕೊಟ್ಟು, "ಅಂಗಾದ್ರೆ ನೀವು ಅದನ್ನ ತೊಳೀರಿ, ನಾನು ಮೇಲಿನ ಹಳೇ ಪ್ಯಾಕಿಂಗ್ ಕೆರೀತೀನಿ" ಎಂದು ಮತ್ತೆ ಕೆಳಗೆ ತೂರಿದ. ಆತ ಅವರನ್ನು ಉದ್ದೇಶವಿಟ್ಟುಕೊಂಡು ಕೆಲಸಕ್ಕೆ ಹಚ್ಚಿದ್ದಲ್ಲ. ಶೆಡ್ಡಿನಲ್ಲಿ ಅವನೊಬ್ಬನೇ, ಕೈ ಸಾಲದು, ಎದುರಿಗೆ ಎರಡು ಕೈಯುಳ್ಳ ಮನುಷ್ಯ ಕೂತಿದ್ದರು, ಅಷ್ಟೇ. ನಾವು ಮನೆಯವರು ಮರೆತೇಬಿಟ್ಟಿದ್ದ ವಿಷಯ ಅದು. ನಾನು ಮತ್ತೆ ನನ್ನ ಜಾಗದಲ್ಲಿ ಕೂತೆ.

ತೊಳೆದ ತಟ್ಟೆಯನ್ನು ಮರದ ದಿಮ್ಮಿಯ ಮೇಲೆ ಬೋರಲು ಹಾಕಿ ಗುಳಿಯನ್ನು ತಟ್ಟಿ ಸಮ ಮಾಡಿದರು. ಒಬ್ಬರು ಹಿಡಿಯುವುದು, ಒಬ್ಬರು ಬಡಿಯುವುದು. ಪಕ್ಕದ ಅಂಗಡಿಯಲ್ಲಿ ಸೀಳಿಗೆ ಗ್ಯಾಸ್ ವೆಲ್ಡಿಂಗ್ ಆಯಿತು. ಎಣ್ಣೆ ಸೋರದಿರಲೆಂದು ಅಂಚಿಗಿಡುವ ಹೊಸ ಪ್ಯಾಕಿಂಗ್ ಕತ್ತರಿಸಿ, ಬಿಗಿದು, ಎಣ್ಣೆ ತುಂಬಿ, ಇಂಜಿನ್ನು ಚಾಲೂ ಮಾಡಿದಾಗ ಮಧ್ಯಾಹ್ನ ಕಳೆದಿತ್ತು. ಮೂವರೂ ಬಗ್ಗಿ ನೋಡಿದೆವು. ವೆಲ್ಡಿಂಗಿನ ಜಾಗ ಒಣಗಿಯೇ ಇತ್ತು. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ತಟ್ಟೆಯ ಅಂಚಿನಿಂದ ಕೆಂಪಗೊಂದು ಹನಿ ಇಣುಕಿತು.

ಮೆಕ್ಯಾನಿಕ್ ಪಾನಾ ತೆಗೆದುಕೊಂಡು ಅಲ್ಲಿಯ ಬೋಲ್ಟನ್ನು ಬಲವಾಗಿ ಬಿಗಿದ. ಹನಿ ಪಕ್ಕದಿಂದ ಬಂತು. ಅಲ್ಲಿ ಬಿಗಿದ. ಮತ್ತೊಂದು ಕಡೆಯಿಂದ ಬಂತು. ಕೊನೆಗೆ ಪಾನಾ ನೆಲಕ್ಕೆ ಹಾಕಿ ಕೂತುಬಿಟ್ಟ. "ವೆಲ್ಡಿಂಗ್ ಕಾವಿಗೆ ಅಂಚು ಸೊಟ್ಟಗಾಗೈತೆ. ನಾನು ಬಿಗಿದು ಇನ್ನೂ ಕೆಡಿಸ್ದೆ. ಮೊದ್ಲೇ ಹೇಳಿದ್ನಲ್ಲ ಯಜಮಾನ್ರೆ, ನನಗೆ ಇದು ಬರಾಕಿಲ್ಲ."

ಅವನ ಮುಖ ಬಾಡಿಹೋಗಿತ್ತು. ಟೀ ಬಂದಿದ್ದರೂ ಮುಟ್ಟಲಿಲ್ಲ.

ನಮ್ಮನೆಯವರು ಕೋಲು ಊರಿ ಎದ್ದು ಅವನ ಹತ್ತಿರ ಹೋದರು. ಅವನಂತೆ ನೆಲದ ಮೇಲೆ ಕೂರಲಾಗದ್ದರಿಂದ ಕಾರಿಗೆ ಒರಗಿ ನಿಂತರು. "ಇದು ಆಗಲ್ಲ ಅಂತ ಗೊತ್ತಾಯ್ತಲ್ಲ, ಅದೂ ಒಂದು ಕೆಲಸವೇ. ಬೇಜಾರು ಮಾಡ್ಕೋಬೇಡಿ. ಹೊಸಾ ಚೇಂಬರ್ರೇ ತರಿಸೋಣ. ಜಾಲರೀನೂ ಹೊಸದೇ ಹಾಕೋಣ."

"ಮಾರೋ ಗಾಡಿಗೆ ಹೊಸದು ಯಾಕೆ?" ಎಂದ ಅವನು.

ಅವರು ಉತ್ತರ ಕೊಡುವ ಮುಂಚೆ ನನ್ನ ಕಡೆ ನೋಡಿದರು. "ಮಾರಲ್ಲ" ಎಂದರು, ಅವನಿಗೋ ನನಗೋ ತಿಳಿಯದ ಹಾಗೆ.

ಬಿಡಿಭಾಗ ಬೆಂಗಳೂರಿನಿಂದ ಬರಬೇಕಿತ್ತು. ಕೊರಿಯರ್‌ನವರಿಗೆ ಊರ ಹೊರಗಿನ ಶೆಡ್ಡು ಸಿಗಲಾರದೆಂದು ನಮ್ಮ ಅರಸೀಕೆರೆಯ ವಿಳಾಸವನ್ನೇ ಕೊಟ್ಟೆವು. ನನಗೆ ಶಾಲೆಯಿತ್ತು, ಹೊರಟುಬಂದೆ. ಅವರೂ ಅತ್ತೆಯೂ ಹಗರೆಯಲ್ಲೇ ಉಳಿದರು. ಮಗ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬೇಲೂರಿನ ಶೆಡ್ಡಿಗೆ ಹೋಗುತ್ತಾನೆ, ಯಾರು ಹೇಳಿದರೂ ಕೇಳುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ದೂರು ಹೇಳಿದರು. ಆಮೇಲೆ ದನಿ ತಗ್ಗಿಸಿ, "ರಾತ್ರಿ ಅಕ್ಕನ ಹತ್ರ ಕೂತ್ಕೊಂಡು ನಕ್ಕೊಂಡು ಮಾತಾಡ್ತಾನೆ ಕಣೇ" ಎಂದರು. ಆಗಲೇ ಅತ್ತೆಯ ಮನಸ್ಸು ಅರ್ಧ ತಿರುಗಿತ್ತು ಎಂದು ಈಗ ಅನಿಸುತ್ತದೆ.

ಪಾರ್ಸೆಲ್ ಬಂದ ವಾರದ ಕೊನೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೇಲೂರಿನ ಬಸ್ಸು ಹತ್ತಿದೆ. ಅಂಚು ಎಲ್ಲಿಯೂ ತಾಗಬಾರದು ಎಂದು ಅವರು ಮತ್ತೆ ಮತ್ತೆ ಹೇಳಿದ್ದರು. ಪಕ್ಕದಲ್ಲಿ ಕೂತ ಹೆಂಗಸು ಜಾವಗಲ್‌ವರೆಗೂ ಸುಮ್ಮನಿದ್ದು, ಆಮೇಲೆ ತಡೆಯಲಾರದೆ ಕೇಳಿದರು: "ಏನ್ರೀ ಅದು, ಅಷ್ಟು ಜ್ವಾಪಾನವಾಗಿ ಇಟ್ಕಂಡಿದೀರ? ದೇವರ ಪಟವಾ?"

"ಗೇರ್‌ಬಾಕ್ಸಿನ ತಟ್ಟೆ."

ಆಕೆ ಅರ್ಥವಾದವರಂತೆ ತಲೆಯಾಡಿಸಿ, ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ತಾವೂ ಒಂದು ಕೈಯಿಂದ ಅದನ್ನು ಹಿಡಿದುಕೊಂಡರು. ಹಳೇಬೀಡಿನಲ್ಲಿ ಇಳಿಯುವಾಗ, "ಸರಿಹೋಗ್ಲಿ ತಾಯಿ" ಎಂದು ಹೇಳಿಹೋದರು.

ಶೆಡ್ಡಿನಲ್ಲಿ ಹೊಸ ಬದಲಾವಣೆಯಾಗಿತ್ತು. ಮೆಕ್ಯಾನಿಕ್ ಕಾರನ್ನು, ಗಾಡಿಗಳ ಅಡಿಭಾಗ ನೋಡಲು ತೋಡಿದ ಗುಂಡಿಯ ಮೇಲೆ ತಂದು ನಿಲ್ಲಿಸಿದ್ದ. ಗುಂಡಿಗೆ ಇಳಿಯಲು ಒಂದು ಕಡೆ ಮಣ್ಣು ಕಡಿದು ಇಳಿಜಾರು ಮಾಡಿ, ಒಳಗೆ ಎತ್ತರದ ಸ್ಟೂಲು ಇಟ್ಟಿದ್ದ. "ಯಜಮಾನ್ರು ನಿಂತ್ಕಂಡು ಮಾಡ್ಲಿ ಅಂತ. ದಿನಾ ಮೇಲಿಂದ ಹೇಳ್ತಾ ಕೂತಿದ್ರೆ ನನಗೇ ತಲೆನೋವು ಮೇಡಂ."

ನಾನು ಮೇಲೆ ನಿಂತು ನೋಡಿದೆ. ಅವರು ಒಂದು ಕೈಯಲ್ಲಿ ಗುಂಡಿಯ ಗೋಡೆ, ಇನ್ನೊಂದರಲ್ಲಿ ಮೆಕ್ಯಾನಿಕ್‌ನ ಭುಜ ಹಿಡಿದು ಇಳಿದರು. ಸ್ಟೂಲಿಗೆ ಅರ್ಧ ಕೂತು ಅರ್ಧ ನಿಂತು, ತಲೆ ಎತ್ತಿ, ಹೊಸ ಜಾಲರಿ ಕೂರಿಸಿದರು. ಅಯಸ್ಕಾಂತವನ್ನು ಒರೆಸಿ ಹೊಸ ತಟ್ಟೆಯಲ್ಲಿಟ್ಟರು. ಒಬ್ಬರು ತಟ್ಟೆಯನ್ನು ಮೇಲಕ್ಕೆತ್ತಿ ಹಿಡಿದರೆ ಇನ್ನೊಬ್ಬರು ಬೋಲ್ಟು ಹಾಕುತ್ತ ಬಂದರು. ಈ ಸಲ ಮೆಕ್ಯಾನಿಕ್‌ನ ಕೈಗೆ ಅವಸರವಿರಲಿಲ್ಲ. ಎಲ್ಲವನ್ನೂ ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಎದುರುಬದುರು ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬಿಗಿದರು. "ಸಾಕಾ?" "ಇನ್ನೊಂಚೂರು." "ಸಾಕು ಸಾಕು, ಪ್ಯಾಕಿಂಗ್ ಹಿಸುಕೋಗ್ತದೆ." ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಹದ ಕೇಳಿಕೊಂಡ ಹಾಗಿತ್ತು.

ಎಣ್ಣೆ ತುಂಬಿ ಇಂಜಿನ್ನು ಚಾಲೂ ಮಾಡಿದರು. ನಮ್ಮನೆಯವರು ಬ್ರೇಕಿನ ಮೇಲೆ ಕಾಲಿಟ್ಟು, ಗೇರಿನ ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಸರಿಸಿ, ಪ್ರತಿ ಜಾಗದಲ್ಲೂ ಸ್ವಲ್ಪ ಹೊತ್ತು ಬಿಟ್ಟು, ವಾಪಸ್ ತಂದರು. ಅಳತೆಕಡ್ಡಿ ತೆಗೆದು ನೋಡಿ ಇನ್ನಷ್ಟು ಎಣ್ಣೆ ಹಾಕಿದರು. ಮೆಕ್ಯಾನಿಕ್ ಗುಂಡಿಯೊಳಗೆ ಬ್ಯಾಟರಿ ದೀಪ ಹಿಡಿದು ನಿಂತಿದ್ದ. ಹೊರಗೆ ಬಂದು ಬಿಳಿ ಬಟ್ಟೆಯೊಂದನ್ನು ನನ್ನ ಮುಂದೆ ಹಿಡಿದ. ತಟ್ಟೆಯ ಸುತ್ತ ಅದರಲ್ಲೇ ಒರೆಸಿದ್ದನಂತೆ, ಒಂದು ಕಲೆಯೂ ಇರಲಿಲ್ಲ.

ಹಳೇಬೀಡಿನ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದೆವು, ಓಡಿಸುತ್ತಿದ್ದ ನಮ್ಮನೆಯವರ ಪಕ್ಕ ಮೆಕ್ಯಾನಿಕ್, ಹಿಂದೆ ನಾನು. ಗೇರು ಬದಲಾಗುವಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸಿ ಕಿವಿ ಕೊಡುತ್ತಿದ್ದರು. ತಿರುಗಿ ಬಂದಾಗ ಮೆಕ್ಯಾನಿಕ್ ಇಳಿಯದೆ ಕೂತಿದ್ದು, "ನಾನು ಒಂದ್ಸಲ ಓಡಿಸ್ಲಾ? ಕ್ಲಚ್ ಇಲ್ದಿರೋದು ಓಡ್ಸೇ ಇಲ್ಲ" ಎಂದ. ಅವರು ಕೀಲಿ ಕೊಟ್ಟು ಪಕ್ಕಕ್ಕೆ ಕೂತರು. ಮೆಕ್ಯಾನಿಕ್‌ನ ಎಡಗಾಲು ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನೇ ತುಳಿಯಿತು, ನಾವು ಮೂವರೂ ಮುಂದಕ್ಕೆ ಮುಗ್ಗರಿಸಿದೆವು. "ಎಡಗಾಲು ಮರ್ತುಬಿಡಿ. ಅದು ಇಲ್ಲ ಅಂದ್ಕೊಳ್ಳಿ" ಎಂದು ಹೇಳಿಕೊಟ್ಟರು ನಮ್ಮನೆಯವರು, ಮತ್ತು ಜೋರಾಗಿ ನಕ್ಕರು. ಬಿದ್ದ ಮೇಲೆ ತಮ್ಮ ಕಾಲಿನ ಮಾತು ಬಂದಾಗ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಗರೆಯಲ್ಲಿ ಅತ್ತೆ ಬ್ಯಾಗು ಹಿಡಿದು ಜಗುಲಿಯ ಮೇಲೆ ಕಾಯುತ್ತಿದ್ದರು. ಬಸ್ಸಿನಲ್ಲಿ ಬರುತ್ತೇನೆ ಎನ್ನುತ್ತಾರೇನೋ ಎಂದು ನಾನು ಅಂಜಿದ್ದೆ. ಅವರು ಕಾರನ್ನು ಒಂದು ಸುತ್ತು ಹಾಕಿ, ಅಡಿಗೆ ಬಗ್ಗಿ ನೋಡಲು ಹೋಗಿ ಸೊಂಟ ಹಿಡಿದುಕೊಂಡು ನಿಂತರು. "ನೀನೇ ಹಾಕಿದ್ದಂತೆ?"

"ಇಬ್ರೂ ಸೇರಿ ಹಾಕಿದ್ವಿ ಅಮ್ಮ."

"ಗಟ್ಟಿಯಾಗಿ ಹಾಕಿದೀಯ ತಾನೆ?"

"ಎಷ್ಟು ಬೇಕೋ ಅಷ್ಟು."

ಅತ್ತೆ ಹಿಂದಿನ ಬಾಗಿಲು ತೆಗೆದಿದ್ದವರು ಮುಚ್ಚಿ, ಮುಂದೆ ಬಂದು ಮಗನ ಪಕ್ಕ ಕೂತರು. ನಾನು ಹಿಂದೆ ಕೂತೆ. ದಾರಿಯಲ್ಲಿ ಜೋಳದ ಮನೆಯ ಮುಂದೆ ಕಾರು ನಿಲ್ಲಿಸಿ, ಬೇಲೂರಿನಲ್ಲಿ ಕೊಂಡ ಬಾಳೆಹಣ್ಣಿನ ಚಿಪ್ಪನ್ನು ಆ ಹೆಂಗಸಿಗೆ ಕೊಟ್ಟೆವು. ಅವಳು ಕಲ್ಲುಗಳನ್ನು ತೆಗೆದು ಮರದ ಕೊಂಬೆಗಳನ್ನು ಇಟ್ಟಿದ್ದಳು. ಅತ್ತೆ ಕಿಟಕಿಯಿಂದ ಅವಳೊಡನೆ ಜೋಳದ ವಿಷಯ ಮಾತಾಡುತ್ತ ಕೂತರು. ಹೊರಡುವ ಅವಸರ ಅವರಿಗೆ ಕಾಣಲಿಲ್ಲ.

ಈಗಲೂ ಆ ಮೆಕ್ಯಾನಿಕ್ ಆಗಾಗ ಫೋನು ಮಾಡುತ್ತಾನೆ. ಬೇಲೂರಿಗೆ ಬರುವ ಪ್ರವಾಸಿಗಳ ಕಾರು ಕೆಟ್ಟರೆ, ಅದು ಕ್ಲಚ್ ಇಲ್ಲದ ಕಾರಾಗಿದ್ದರೆ, ವಿಡಿಯೋ ಹಾಕಿ ಅಡಿಭಾಗ ತೋರಿಸುತ್ತಾನೆ. ನಮ್ಮನೆಯವರು ಅಂಗಡಿಯ ಕೊಬ್ಬರಿ ಚೀಲಗಳ ನಡುವೆ ಕೂತು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಿರುತ್ತಾರೆ. ಕೆಲವು ಸಲ ಇಬ್ಬರಿಗೂ ಗೊತ್ತಾಗುವುದಿಲ್ಲ. ಆಗ ಮಳೆ, ಕೊಬ್ಬರಿ, ಅವನ ಮಗಳ ಪರೀಕ್ಷೆ ಎಂದು ಮಾತು ಬೇರೆ ಕಡೆಗೆ ಹೋಗುತ್ತದೆ. ಎದುರಿಗೆ ತೋಟದವರು ಯಾರಾದರೂ ಕಾದಿದ್ದರೆ, ಮೈದುನನೇ ಅವರಿಗೆ ಟೀ ತರಿಸಿ ಕೂರಿಸುತ್ತಾನೆ.